ಹಿತ್ತಿಲ ಕಲ್ಲುಹಾಸಿನ ಸಂದು ತುಂಬಿಸಿದಷ್ಟೂ ಕಿತ್ತುಬರುವುದೇಕೆ?

ಪ್ರಶ್ನೆ: ಮೈಸೂರಿನ ಸರಸ್ವತಿಪುರಂನಲ್ಲಿ ನಮ್ಮ ಮನೆಯಿದೆ. ಹಿತ್ತಿಲಿನಲ್ಲಿ 20 ಅಡಿ ಉದ್ದ, 16 ಅಡಿ ಅಗಲದ ಜಾಗಕ್ಕೆ ಏಳು ವರ್ಷಗಳ ಹಿಂದೆ 2 ಅಡಿ ಚೌಕದ ಸಾದಹಳ್ಳಿ ಕಲ್ಲು (ಒಂದು ಬಗೆಯ ಗ್ರಾನೈಟು) ಹಾಸಿಸಿ, ಸಂದುಗಳಿಗೆ ಸಿಮೆಂಟು ತುಂಬಿಸಿದ್ದೆವು. ಮೂರನೆಯ ವರ್ಷದಿಂದಲೇ ಸಂದಿನ ಸಿಮೆಂಟು ಬಿರುಕುಬಿಟ್ಟು ಚಕ್ಕೆಚಕ್ಕೆಯಾಗಿ ಏಳತೊಡಗಿತು. ಎರಡು ಸಲ ಮೇಸ್ತ್ರಿಯನ್ನು ಕರೆಸಿ, ಮೇಲಿನಿಂದ ಗಟ್ಟಿ ಸಿಮೆಂಟು ಬಳಿಸಿದರೂ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅದೂ ಕಿತ್ತುಬಂದಿದೆ. ಈಗ ಸಂದುಗಳಲ್ಲಿ ಹುಲ್ಲು ಬೆಳೆಯುತ್ತಿದೆ, ಇರುವೆ ಮಣ್ಣು ತೋಡುತ್ತಿದೆ, ಬಚ್ಚಲ ಕಡೆಯ ಮೂಲೆಯಲ್ಲಿ ನಾಲ್ಕೈದು ಕಲ್ಲುಗಳು ಕಾಲಿಟ್ಟರೆ ಅಲುಗುತ್ತವೆ. ಎಲ್ಲವನ್ನೂ ಕಿತ್ತು ಹೊಸದಾಗಿ ಹಾಸಿಸಬೇಕೆ? ಎಪಾಕ್ಸಿ ಎಂಬ ಗಟ್ಟಿಯಾಗುವ ರಾಸಾಯನಿಕ ಅಂಟನ್ನು ತುಂಬಿಸಿದರೆ ಶಾಶ್ವತವಾಗಿ ನಿಲ್ಲುತ್ತದೆ ಎನ್ನುತ್ತಾರೆ, ಅದು ನಿಜವೆ? ಕೆಲಸ ಮುಗಿದ ಮೇಲೆ ಕಲ್ಲಿಗೆ ನೀರು, ಕಲೆ ಇಳಿಯದಂತೆ ತಡೆಯುವ ಸೀಲರ್ ಹಚ್ಚಿಸಬೇಕೆ?

ಉತ್ತರ: ಎಪಾಕ್ಸಿಯ ವಿಚಾರವನ್ನು ಸದ್ಯಕ್ಕೆ ಬದಿಗಿಡಿ. ಎರಡು ಸಲ ಹಾಕಿಸಿದ ಗಾರೆ ಎದ್ದುಬಂದದ್ದು ಅದರಲ್ಲಿ ಸಿಮೆಂಟು ಕಡಿಮೆಯಾದದ್ದರಿಂದಲ್ಲ. ಹಳೆಯ ಗಾರೆಯನ್ನು ತೆಗೆಯದೆ ಮೇಲಿನಿಂದ ಬಳಿಸಿದ್ದು, ಕೆಲವು ಕಲ್ಲುಗಳು ಅಲುಗುತ್ತಿದ್ದರೂ ಅವುಗಳ ಪಕ್ಕದ ಸಂದನ್ನು ತುಂಬಿಸಿದ್ದು, ಈ ಎರಡೇ ಕಾರಣಗಳು ಸಾಕು. ಸಂದಿನ ಗಾರೆಯು ಎರಡು ಕಲ್ಲುಗಳ ನಡುವಣ ತೆರಪನ್ನು ಮುಚ್ಚುತ್ತದೆ, ನೀರು ಮತ್ತು ಕಸ ಕೆಳಗಿಳಿಯದಂತೆ ತಡೆಯುತ್ತದೆ. ಅಲುಗುವ ಕಲ್ಲನ್ನು ಹಿಡಿದು ನಿಲ್ಲಿಸುವ ಕೆಲಸ ಅದರದ್ದಲ್ಲ. 2 ಅಡಿ ಚೌಕದ, ಒಂದೂವರೆ ಎರಡು ಇಂಚು ದಪ್ಪದ ಕಲ್ಲು ನಲವತ್ತು ಐವತ್ತು ಕೆಜಿ ತೂಗುತ್ತದೆ. ಅದರ ಮೇಲೆ ಒಬ್ಬರು ಕಾಲಿಟ್ಟಾಗ ಅಂಚು ಕೂದಲೆಳೆಯಷ್ಟು ಮೇಲೆ ಕೆಳಗೆ ಆದರೂ, ಪಕ್ಕದಲ್ಲಿರುವ ಬೆರಳಗಲದ ಗಾರೆ ಎಷ್ಟೇ ಗಟ್ಟಿಯಿದ್ದರೂ ಸೀಳಲೇಬೇಕು.

ಆದ್ದರಿಂದ ಮೊದಲು ಆಗಬೇಕಾದದ್ದು ಪರೀಕ್ಷೆ. ಸುತ್ತಿಗೆಯ ಮರದ ಹಿಡಿಯಿಂದ ಪ್ರತಿ ಕಲ್ಲಿನ ನಾಲ್ಕು ಮೂಲೆ ಮತ್ತು ನಡುವನ್ನು ತಟ್ಟುತ್ತಾ ಹೋಗಿ. ಕೆಳಗೆ ಪೂರ್ತಿ ಕೂತಿರುವ ಕಲ್ಲು ಗಟ್ಟಿಯಾದ, ಮೊಟಕು ಸದ್ದನ್ನು ಕೊಡುತ್ತದೆ. ಕೆಳಗೆ ಟೊಳ್ಳಿರುವ ಕಲ್ಲಿನ ಸದ್ದು ಬೇರೆ, ಕೇಳಿದೊಡನೆ ತಿಳಿಯುವಂಥದ್ದು. ಟೊಳ್ಳು ಸದ್ದಿನ ಕಲ್ಲುಗಳ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿ. ಅನಂತರ ನಾಲ್ಕೈದು ಬಿಂದಿಗೆ ನೀರನ್ನು ಮನೆಯ ಗೋಡೆಯ ಕಡೆಯಿಂದ ಸುರಿದು, ಅರ್ಧ ಗಂಟೆಯ ಮೇಲೆ ಎಲ್ಲೆಲ್ಲಿ ನೀರು ನಿಂತಿದೆ ಎಂದು ನೋಡಿ. ಟೊಳ್ಳು ಸದ್ದಿನ ಜಾಗ, ನೀರು ನಿಲ್ಲುವ ಜಾಗ ಮತ್ತು ಗಾರೆ ಹೆಚ್ಚು ಹಾಳಾಗಿರುವ ಜಾಗ ಬಹುಮಟ್ಟಿಗೆ ಒಂದೇ ಆಗಿರುತ್ತವೆ. ನಿಮ್ಮ ಬಚ್ಚಲ ಮೂಲೆಯಲ್ಲಿ ಮೂರೂ ಕೂಡಿವೆ ಎಂದು ನನ್ನ ಊಹೆ.

ಮೂರನೆಯ ಪರೀಕ್ಷೆಗೆ ಸ್ವಲ್ಪ ಶ್ರಮ ಬೇಕು, ಆದರೆ ಇಡೀ ಕೆಲಸದ ದಾರಿಯನ್ನು ನಿರ್ಧರಿಸುವುದು ಅದೇ. ಅಲುಗುವ ಕಲ್ಲುಗಳಲ್ಲಿ ಒಂದನ್ನು ಹಾರೆಯಿಂದ ಮೀಟಿ ಎತ್ತಿಸಿ, ಕೆಳಗೆ ಏನಿದೆ ಎಂದು ನೋಡಿ. ಕೆಳಗೆ ಜಲ್ಲಿ ಕಾಂಕ್ರೀಟಿನ ಪದರವಿದ್ದು, ಅದರ ಮೇಲೆ ಗಾರೆಯಲ್ಲಿ ಕಲ್ಲನ್ನು ಕೂರಿಸಿದ್ದರೆ ಹಾಸು ಉಳಿಯುತ್ತದೆ, ಕೆಟ್ಟಷ್ಟನ್ನು ಸರಿಪಡಿಸಿದರೆ ಸಾಕು. ಬರಿಯ ಮರಳು ಅಥವಾ ಕಲ್ಲುಪುಡಿಯ ಮೇಲೆ ಹಾಸಿದ್ದರೆ ಸಿಮೆಂಟಿನ ಗಾರೆಯನ್ನು ಸಂದಿಗೆ ತುಂಬುವ ಯೋಚನೆಯನ್ನೇ ಬಿಡಬೇಕು. ಮರಳಿನ ಮೇಲಿನ ಕಲ್ಲು ಮಳೆಗೂ ನಡಿಗೆಗೂ ತುಸು ತುಸು ಅಲುಗುತ್ತಲೇ ಇರುತ್ತದೆ. ಅಂಥ ಕಲ್ಲುಹಾಸಿನ ಸಂದಿನಲ್ಲಿಯೂ ಕಲ್ಲುಪುಡಿಯನ್ನೇ ತುಂಬಿ, ಪ್ರತಿ ವರ್ಷ ಮಳೆಗಾಲದ ಬಳಿಕ ಇನ್ನಷ್ಟು ಗುಡಿಸಿ ಸೇರಿಸುತ್ತಾ ಹೋಗುವುದು ಪ್ರಾಮಾಣಿಕವಾದ ಪರಿಹಾರ. ನೇರವಾಗಿ ಮಣ್ಣಿನ ಮೇಲೆ ಗಾರೆಯ ಉಂಡೆಗಳನ್ನಿಟ್ಟು ಕಲ್ಲು ಕೂರಿಸಿದ್ದರೆ ಮಾತ್ರ ಎಲ್ಲವನ್ನೂ ಎತ್ತಿ ಮರುಹಾಸುವುದು ಅನಿವಾರ್ಯ. ಮೈಸೂರಿನ ಬಹುಪಾಲು ಬಡಾವಣೆಗಳಲ್ಲಿ ಕೆಮ್ಮಣ್ಣಿದ್ದು, ಚೆನ್ನಾಗಿ ಧಮ್ಮಸ್ಸು ಹಾಕಿದರೆ ಅದು ಒಳ್ಳೆಯ ನೆಲೆಯೇ. ನೆಲ ತಗ್ಗಿದ್ದೆಡೆ ಹೊರಗಿನಿಂದ ಮಣ್ಣು ತುಂಬಿಸಿ ಮಟ್ಟ ಮಾಡಿದ ನಿವೇಶನಗಳಲ್ಲಿ ಆ ಮಣ್ಣು ವರ್ಷಗಟ್ಟಲೆ ಕುಸಿಯುತ್ತಿರುತ್ತದೆ. ಎರೆಮಣ್ಣಿನ ಜಾಗವಾದರೆ ತೊಂದರೆ ಇನ್ನೂ ಹೆಚ್ಚು, ಏಕೆಂದರೆ ಆ ಮಣ್ಣು ನೀರು ಕುಡಿದಾಗ ಉಬ್ಬಿ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಮಂಡ್ಯದ ಕಡೆ ನಾಲೆಯ ಬಯಲಿಗೆ ಹೊಂದಿದ ಮನೆಗಳವರೂ ಈ ಮಾತನ್ನು ಗಮನಿಸಬೇಕು. ಗದ್ದೆಗೆ ನೀರು ಬಿಟ್ಟಾಗಲೆಲ್ಲ ಹಿತ್ತಿಲ ನೆಲದ ತೇವವೂ ಏರುತ್ತದೆ.

ನೀವು ಕೊಟ್ಟಿರುವ ವಿವರದಲ್ಲಿ ನಾಲ್ಕೈದು ಕಲ್ಲುಗಳು ಮಾತ್ರ ಅಲುಗುತ್ತಿರುವುದರಿಂದ ಕೆಳಗೆ ಕಾಂಕ್ರೀಟು ಇದೆ ಎಂದು ಭಾವಿಸಿಕೊಂಡೇ ಮುಂದಿನದನ್ನು ಬರೆಯುತ್ತೇನೆ.

ಅಲುಗುವ ಕಲ್ಲುಗಳನ್ನು ಮೊದಲು ಎತ್ತಬೇಕು. ಅವುಗಳ ಅಡಿಯಲ್ಲಿ ಬಹುಶಃ ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು ಎಂಬಂತೆ ಗಾರೆಯ ಮುದ್ದೆಗಳು ಕಾಣಿಸುತ್ತವೆ. ಮಟ್ಟ ಕೂರಿಸಲು ಮೇಸ್ತ್ರಿಗಳಿಗೆ ಇದು ಅನುಕೂಲ, ಕಲ್ಲಿಗೆ ಅಲ್ಲ: ಮುದ್ದೆಗಳ ನಡುವೆ ಉಳಿಯುವ ಪೊಳ್ಳಿನಲ್ಲಿ ನೀರು ತಂಗುತ್ತದೆ, ಇರುವೆ ಗೂಡು ಕಟ್ಟುತ್ತದೆ. ಹಳೆಯ ಗಾರೆಯನ್ನೆಲ್ಲ ಚಾಣದಿಂದ ಕೆತ್ತಿ ತೆಗೆದು, ಕಾಂಕ್ರೀಟನ್ನು ತೊಳೆದು, ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳಿನ ಗಾರೆಯನ್ನು ಒಂದೂವರೆ ಇಂಚು ದಪ್ಪಕ್ಕೆ ಇಡೀ ಕಲ್ಲಿನಗಲ ಹರಡಿ, ಕಲ್ಲಿನ ತಳಕ್ಕೆ ಸಿಮೆಂಟು ಹಾಲನ್ನು ಬಳಿದು ಕೂರಿಸಬೇಕು. ಗೋಡೆಯಿಂದ ಮೋರಿಯ ಕಡೆಗೆ ಪ್ರತಿ ಹತ್ತು ಅಡಿಗೆ ಒಂದೂವರೆಯಿಂದ ಎರಡು ಇಂಚು ಇಳಿಜಾರು ಸಿಗುವಂತೆ ರಸಮಟ್ಟ ಹಿಡಿದು ನೋಡಿ. ಕಲ್ಲು ಕೂತ ಮೇಲೆ ಎರಡು ದಿನ ಯಾರೂ ಅದರ ಮೇಲೆ ಓಡಾಡಬಾರದು. ಅದರ ಸುತ್ತಲಿನ ಸಂದನ್ನು ಅದೇ ದಿನ ತುಂಬುವ ಆತುರವೂ ಬೇಡ.

ಇನ್ನು ಸಂದಿನ ವಿಷಯ. ಇಲ್ಲಿ ಒಂದು ಸಣ್ಣ ಲೆಕ್ಕ ಹಾಕಿ ತೋರಿಸುತ್ತೇನೆ. ನಿಮ್ಮ 20 ಅಡಿ, 16 ಅಡಿ ಹಾಸಿನಲ್ಲಿ 2 ಅಡಿಯ ಕಲ್ಲುಗಳ ನಡುವಣ ಸಂದುಗಳ ಒಟ್ಟು ಉದ್ದ 284 ಅಡಿ, ಅಂದರೆ ಸುಮಾರು 87 ಮೀಟರ್. ಸಂದು 10 ಮಿಲಿಮೀಟರ್ ಅಗಲ, 30 ಮಿಲಿಮೀಟರ್ ಆಳ ಎಂದಿಟ್ಟುಕೊಂಡರೆ ಎಲ್ಲವನ್ನೂ ತುಂಬಲು ಬೇಕಾಗುವ ಗಾರೆ 26 ಲೀಟರ್. ವ್ಯರ್ಥವಾಗುವುದನ್ನು ಸೇರಿಸಿದರೂ 35 ಲೀಟರ್ ದಾಟದು. ಅದಕ್ಕೆ ಹಿಡಿಯುವ ಸಿಮೆಂಟು 11ರಿಂದ 13 ಕೆಜಿ, ಒಂದು ಚೀಲದ ಕಾಲು ಭಾಗ. ಎಂದರೆ ಸಾಮಗ್ರಿಯ ಖರ್ಚು ಲೆಕ್ಕಕ್ಕೇ ಬಾರದಷ್ಟು. ಹಣ ಹೋಗುವುದು, ಹೋಗಬೇಕಾದದ್ದು, ಹಳೆಯ ಗಾರೆಯನ್ನು ಕೆತ್ತಿ ತೆಗೆಯುವ ಕೂಲಿಗೆ. ಚದರ ಅಡಿಗೆ ಇಷ್ಟು ಎಂದು ಗುತ್ತಿಗೆ ಕೊಟ್ಟರೆ ಯಾವ ಮೇಸ್ತ್ರಿಯಾದರೂ ಮೊದಲು ಕೈಬಿಡುವುದು ಈ ಕೆತ್ತುವ ಕೆಲಸವನ್ನೇ. ತುಂಬಿದ ಮೇಲೆ ಒಳಗೆ ಎಷ್ಟು ಆಳಕ್ಕೆ ತೆಗೆದಿದ್ದರು ಎಂದು ಯಾರಿಗೂ ಕಾಣುವುದಿಲ್ಲ. ಆದ್ದರಿಂದ ಕೆತ್ತುವುದಕ್ಕೆ ದಿನಗೂಲಿ ಗೊತ್ತುಮಾಡಿ, ಕೆತ್ತಿದ್ದನ್ನು ನೀವೇ ಒಂದು ಕಡ್ಡಿ ಹಾಕಿ ಅಳೆದು ಒಪ್ಪಿದ ಮೇಲೆ ತುಂಬುವ ಕೆಲಸ ಆರಂಭಿಸುವಂತೆ ಮಾತಾಡಿಕೊಳ್ಳಿ.

ಆಳ ಎಷ್ಟಿರಬೇಕು? ಸಂದಿನ ಅಗಲದ ಎರಡರಷ್ಟಾದರೂ ಇರಬೇಕು, ಯಾವ ಕಾರಣಕ್ಕೂ ಒಂದು ಇಂಚಿಗಿಂತ ಕಡಿಮೆಯಾಗಬಾರದು. ಒಂದೂಕಾಲು ಇಂಚು ಸಿಕ್ಕರೆ ಒಳ್ಳೆಯದು. ನಿಮ್ಮಲ್ಲಿ ಎರಡು ಸಲ ಬಳಿದ ಪದರಗಳು ಒಂದರ ಮೇಲೊಂದು ಕೂತಿರುವುದರಿಂದ ಕೆಳಗಿನ ಮೂಲ ಗಾರೆ ಗಟ್ಟಿಯಾಗಿದ್ದರೂ ಮೇಲಿನದನ್ನೆಲ್ಲ ತೆಗೆಯಲೇಬೇಕು. ಒಂದು ದಪ್ಪ ಮೊಳೆಯಿಂದ ಗೀರಿ ನೋಡಿ: ಪುಡಿಯಾಗಿ ಉದುರುವ, ಕಲ್ಲಿನ ಅಂಚಿನಿಂದ ಬಿಟ್ಟುಕೊಂಡಿರುವ ಸಂದುಗಳು ಒಟ್ಟಿನ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಿದ್ದರೆ ತೇಪೆ ಹಾಕುವುದರಲ್ಲಿ ಅರ್ಥವಿಲ್ಲ, ಪೂರ್ತಿ ತೆಗೆಸಿ. ತೇಪೆಯ ಬಣ್ಣ ಹಳೆಯದಕ್ಕೆ ಹೊಂದುವುದೂ ಇಲ್ಲ.

ಕೆತ್ತಲು ಕಿರಿದಾದ ಚಾಣ ಮತ್ತು ಹಗುರವಾದ ಸುತ್ತಿಗೆ ಸಾಕು. ಗ್ರೈಂಡರ್ ಹಚ್ಚಿದರೆ ಕೆಲಸ ಬೇಗ ಸಾಗುತ್ತದೆ ನಿಜ, ಆದರೆ ಬಿಲ್ಲೆ ಒಮ್ಮೆ ಜಾರಿದರೆ ಕಲ್ಲಿನ ಅಂಚಿನ ಮೇಲೆ ಬೀಳುವ ಗಾಯ ಎಂದೆಂದಿಗೂ ಉಳಿಯುತ್ತದೆ. ಗ್ರೈಂಡರ್ ಬಳಸಲೇಬೇಕೆಂದರೆ ಸಂದಿನ ನಟ್ಟನಡುವೆ ಒಂದೇ ಗೀಟು ಕೊಯ್ದು, ಎರಡು ಬದಿಯಲ್ಲಿ ಉಳಿದದ್ದನ್ನು ಚಾಣದಿಂದ ಒಳಮುಖವಾಗಿ ಬೀಳಿಸಬೇಕು. ಗ್ರಾನೈಟು ಮತ್ತು ಮರಳು ಎರಡರಲ್ಲೂ ಸಿಲಿಕಾ ಇದೆ. ಒಣಗಿದ ಸಂದನ್ನು ಕೊಯ್ಯುವಾಗ ಏಳುವ ನುಣ್ಣನೆಯ ದೂಳು ಶ್ವಾಸಕೋಶದಲ್ಲಿ ಕೂತರೆ ವಾಸಿಯಾಗದ ಸಿಲಿಕೋಸಿಸ್ ಬರುತ್ತದೆ. ಟವೆಲನ್ನು ಮೂಗಿಗೆ ಕಟ್ಟಿಕೊಂಡು ಕೆಲಸ ಮಾಡುವ ಹುಡುಗರನ್ನು ನಮ್ಮಲ್ಲಿ ದಿನವೂ ನೋಡುತ್ತೇವೆ. ಟವೆಲ್ ಆ ದೂಳನ್ನು ತಡೆಯುವುದಿಲ್ಲ. ನೀರು ಚಿಮುಕಿಸುತ್ತಾ ಕೊಯ್ಯಿಸಿ, ಎನ್95 ಮಾಸ್ಕನ್ನು ನೀವೇ ತಂದುಕೊಡಿ. ಅದರ ಬೆಲೆ ಹೆಚ್ಚಲ್ಲ. ಕೆತ್ತಿದ ಮೇಲೆ ಹುಲ್ಲಿನ ಬೇರು, ಇರುವೆ ಮಣ್ಣು, ದೂಳು ಏನೂ ಉಳಿಯದಂತೆ ಗಟ್ಟಿ ಬ್ರಷ್ಷಿನಿಂದ ಉಜ್ಜಿ, ತೊಳೆದು, ಒಂದು ದಿನ ಆರಲು ಬಿಡಬೇಕು.

ಗಾರೆಯ ಹದದಲ್ಲಿ ಎಲ್ಲರೂ ಎಡವುವುದು ಸಿಮೆಂಟಿನ ಪ್ರಮಾಣದಲ್ಲಿ. ಕಿತ್ತುಬಂತು ಎಂದೊಡನೆ ‘ಈ ಸಲ ಸ್ಟ್ರಾಂಗಾಗಿ ಹಾಕೋಣ ಸಾರ್’ ಎಂದು ಒಂದಕ್ಕೆ ಎರಡು, ಕೆಲವೊಮ್ಮೆ ಬರಿಯ ಸಿಮೆಂಟನ್ನೇ ತುಂಬುವ ವಾಡಿಕೆಯಿದೆ. ಸಿಮೆಂಟು ಹೆಚ್ಚಿದಷ್ಟೂ ಗಾರೆ ಒಣಗುವಾಗ ಹೆಚ್ಚು ಕುಗ್ಗುತ್ತದೆ. ಕುಗ್ಗಿದ ಗಾರೆ ನುಣುಪಾದ ಗ್ರಾನೈಟಿನ ಅಂಚನ್ನು ಬಿಟ್ಟು ಕೂದಲೆಳೆಯಷ್ಟು ದೂರ ಸರಿಯುತ್ತದೆ, ಆ ಎಳೆಯಲ್ಲಿ ಮಳೆನೀರು ಇಳಿಯುತ್ತದೆ. ಕಲ್ಲಿಗಿಂತ ಗಾರೆ ಸ್ವಲ್ಪ ಮೆದುವಾಗಿರಬೇಕು ಎಂಬುದು ಹಳೆಯ ಗಾರೆ ಕೆಲಸದವರಿಗೆ ತಿಳಿದಿದ್ದ ವಿಷಯ. ನಿಮ್ಮಂಥ ಹಿತ್ತಿಲಿಗೆ ಅಳತೆಯ ಡಬ್ಬಿಯಲ್ಲಿ ಒಂದು ಪಾಲು ಸಿಮೆಂಟು, ಅರ್ಧ ಪಾಲು ಅರಳಿಸಿ ಜರಡಿ ಹಿಡಿದ ಸುಣ್ಣದ ಪುಡಿ, ನಾಲ್ಕೂವರೆ ಪಾಲು ಮರಳು ಸರಿಯಾದ ಹದ. ಸುಣ್ಣ ಸೇರಿದ ಗಾರೆ ಕರಣೆಗೆ ಬೆಣ್ಣೆಯಂತೆ ಒಗ್ಗುತ್ತದೆ, ನೀರನ್ನು ಬೇಗ ಬಿಟ್ಟುಕೊಡುವುದಿಲ್ಲ, ಒಣಗಿದ ಮೇಲೆ ಸಣ್ಣಪುಟ್ಟ ಅಲುಗಾಟವನ್ನು ತಾಳಿಕೊಳ್ಳುತ್ತದೆ. ಸುಣ್ಣ ಕಣ್ಣಿಗೆ ಬಿದ್ದರೆ ಅಪಾಯ, ಕೈಗವಸು ಹಾಕಿಯೇ ಕಲಸಬೇಕು. ಒಳ್ಳೆಯ ಸುಣ್ಣ ಸಿಗದಿದ್ದರೆ ಒಂದಕ್ಕೆ ನಾಲ್ಕರ ಸಿಮೆಂಟು ಗಾರೆಯೂ ನಡೆಯುತ್ತದೆ. ಮರಳಿನಲ್ಲಿ ಜೇಡಿಯ ಅಂಶವಿರಬಾರದು; ಎಂ-ಸ್ಯಾಂಡ್ (ಕಲ್ಲನ್ನು ಪುಡಿಮಾಡಿ ತಯಾರಿಸಿದ ಮರಳು) ಆದರೆ ಕಾಂಕ್ರೀಟಿಗೆ ಬಳಸುವ ದಪ್ಪನೆಯದು ಬೇಡ, ಪ್ಲಾಸ್ಟರಿಂಗಿಗೆಂದು ತೊಳೆದು ಮಾರುವ ಪಿ-ಸ್ಯಾಂಡ್ ತರಿಸಿ.

ಇಲ್ಲಿ ಸುರ್ಕಿಯ ಮಾತು ಬಂದೇ ಬರುತ್ತದೆ. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯನ್ನು ಸುರ್ಕಿ ಗಾರೆಯಲ್ಲಿ ಕಟ್ಟಿದರಲ್ಲ, ನಮ್ಮ ಅಂಗಳಕ್ಕೂ ಅದೇ ಆಗಲಿ ಎನ್ನುವವರು ಮೈಸೂರು, ಮಂಡ್ಯಗಳಲ್ಲಿ ಇದ್ದಾರೆ. ಸುರ್ಕಿ, ಅಂದರೆ ಸುಟ್ಟ ಜೇಡಿಮಣ್ಣಿನ ಪುಡಿಯು, ಸುಣ್ಣದೊಡನೆ ಕೂಡಿ ನೀರಿನಲ್ಲಿಯೂ ಗಟ್ಟಿಯಾಗುತ್ತದೆ ಎಂಬುದು ಸತ್ಯ. ಆದರೆ ಆ ಗುಣ ಬರುವುದು ಮಣ್ಣನ್ನು ಸರಿಯಾದ ಹದದಲ್ಲಿ ಸುಟ್ಟು ನುಣ್ಣಗೆ ಅರೆದಾಗ. ಯಾವ ಗೂಡಿನ, ಎಷ್ಟು ಬೆಂದ ಇಟ್ಟಿಗೆ ಎಂದು ಗೊತ್ತಿಲ್ಲದ ಪುಡಿಯನ್ನು ಬೆರೆಸಿದರೆ ಅದು ಬರಿಯ ದೂಳು. ಅಂಗಡಿಯಲ್ಲಿ ದೊರೆಯುವ ಪಿಪಿಸಿ (ಪೋರ್ಟ್‌ಲ್ಯಾಂಡ್ ಪೊಝೊಲಾನಾ) ಸಿಮೆಂಟಿನಲ್ಲಿ ಬೆರೆತಿರುವ ಹಾರುಬೂದಿ ಆ ಕೆಲಸವನ್ನೇ ಮಾಡುತ್ತದೆ, ಹಾಗಾಗಿ ಪಿಪಿಸಿಯನ್ನೇ ಕೊಳ್ಳಿ.

ನೀರು ಎಷ್ಟು ಹಾಕಬೇಕೆಂಬುದಕ್ಕೆ ಅಳತೆ ಹೇಳುವುದಕ್ಕಿಂತ ಗುರುತು ಹೇಳುವುದು ಮೇಲು. ಕಲಸಿದ್ದನ್ನು ಅಂಗೈಯಲ್ಲಿ ಹಿಸುಕಿದರೆ ಉಂಡೆ ನಿಲ್ಲಬೇಕು, ಬೆರಳ ಸಂದಿಯಿಂದ ನೀರು ಒಸರಬಾರದು. ಸುರಿದು ಹರಡುವಂಥ ತೆಳು ಗಾರೆ ತುಂಬಲು ಸುಲಭ, ಆದರೆ ಅದರ ನೀರು ಆರಿದಾಗ ಸಂದು ಕುಸಿಯುತ್ತದೆ, ಕಲ್ಲಿನ ಮೇಲೆಲ್ಲ ಸಿಮೆಂಟಿನ ಕಲೆಯೂ ಕೂರುತ್ತದೆ. ನೀರು ಬೆರೆಸಿದ ಎರಡು ಗಂಟೆಯೊಳಗೆ ಗಾರೆಯನ್ನು ಬಳಸಿ ಮುಗಿಸಬೇಕೆಂದು ಗಾರೆಯ ಬಗೆಗಿನ ಭಾರತೀಯ ಮಾನಕವಾದ ಐಎಸ್ 2250 ಸಂಹಿತೆಯೂ ಹೇಳುತ್ತದೆ. ಬಿಗಿಯಾದದ್ದಕ್ಕೆ ಮತ್ತೆ ನೀರು ಚಿಮುಕಿಸಿ ತಿರುವಿಕೊಳ್ಳುವ ಅಭ್ಯಾಸಕ್ಕೆ ಅವಕಾಶ ಕೊಡಬೇಡಿ. ಒಂದು ಸಲಕ್ಕೆ ಒಂದು ಬಾಂಡ್ಲಿಯಷ್ಟೇ ಕಲಸಲಿ.

ಗ್ರಾನೈಟು ನೀರನ್ನು ಬಹಳ ಕಡಿಮೆ ಹೀರುವ ಕಲ್ಲಾದ್ದರಿಂದ ಗಾರೆಯು ಅದರ ಕೊಯ್ದ ಅಂಚನ್ನು ಇಟ್ಟಿಗೆಯನ್ನು ಹಿಡಿದಂತೆ ಹಿಡಿಯುವುದಿಲ್ಲ. ಇದಕ್ಕಾಗಿ ಎಸ್‌ಬಿಆರ್ ಲ್ಯಾಟೆಕ್ಸ್ ಎಂದು ಮಾರುವ ಹಾಲಿನಂಥ ದ್ರವವನ್ನು ಸಿಮೆಂಟಿನೊಡನೆ ಕಲಸಿ, ಸಂದಿನ ಎರಡು ಬದಿಗೂ ಸಣ್ಣ ಬ್ರಷ್ಷಿನಿಂದ ಹಚ್ಚಿ, ಅದು ಇನ್ನೂ ಅಂಟಂಟಾಗಿರುವಾಗಲೇ ಗಾರೆಯನ್ನು ಒತ್ತಬೇಕು. ನಾಲ್ಕೈದು ಅಡಿ ಹಚ್ಚಿ, ಅಷ್ಟನ್ನು ತುಂಬಿ, ಮುಂದಕ್ಕೆ ಹೋಗಬೇಕು. ಇಡೀ ಅಂಗಳಕ್ಕೆ ಬೆಳಗ್ಗೆಯೇ ಹಚ್ಚಿಟ್ಟರೆ ಅದು ಒಣಗಿ ಪೊರೆಯಾಗಿ, ಗಾರೆ ಹಿಡಿಯುವುದಕ್ಕೆ ಬದಲು ಬಿಡುವುದಕ್ಕೆ ನೆರವಾಗುತ್ತದೆ.

ಗಾರೆಯನ್ನು ಎರಡು ಸಲವಾಗಿ ತುಂಬಿಸಿ. ಮೊದಲ ಪದರವನ್ನು ಅರ್ಧ ಆಳಕ್ಕೆ ಹಾಕಿ, ಸಂದಿನೊಳಗೆ ಹಿಡಿಸುವ ಚಪ್ಪಟೆ ಕಬ್ಬಿಣದ ಪಟ್ಟಿಯಿಂದ ಗಟ್ಟಿಯಾಗಿ ಗಿಡಿದು, ಅದರ ಮೇಲೆಯೇ ಎರಡನೆಯದನ್ನು ಒತ್ತಬೇಕು. ಮೇಲ್ಮೈ ಕಲ್ಲಿನ ಮಟ್ಟಕ್ಕಿಂತ ಎರಡು ಮೂರು ಮಿಲಿಮೀಟರ್ ಕೆಳಗೆ ನಿಲ್ಲಲಿ. ಕಲ್ಲಿನ ಅಂಚಿನ ಮೇಲೆ ಗಾರೆಯನ್ನು ಸವರಿ ಬಿಟ್ಟರೆ ನೋಡಲು ತುಂಬಿದಂತೆ ಕಾಣುತ್ತದೆ, ಆದರೆ ಆ ಕಾಗದದಷ್ಟು ತೆಳುವಾದ ಅಂಚು ಮೊದಲ ಬೇಸಿಗೆಯಲ್ಲಿಯೇ ಏಳುತ್ತದೆ, ಏಳುವಾಗ ಪಕ್ಕದ್ದನ್ನೂ ಎಬ್ಬಿಸುತ್ತದೆ. ನಿಮ್ಮ ಮನೆಯಲ್ಲಿ ಕಂಡ ಚಕ್ಕೆಗಳು ಅವೇ. ಗಾರೆಯ ಮೇಲೆ ಹೆಬ್ಬೆರಳು ಒತ್ತಿದರೆ ಗುರುತು ಮೂಡಿ, ಬೆರಳಿಗೆ ಏನೂ ಅಂಟದ ಹೊತ್ತಿನಲ್ಲಿ 12 ಮಿಲಿಮೀಟರ್ ಕಂಬಿಯ ತುಂಡನ್ನು ಒತ್ತಿ ಎಳೆದರೆ ಮೇಲ್ಮೈ ನುಣುಪಾಗಿ ಬಿಗಿಯುತ್ತದೆ. ಕಲ್ಲಿನ ಮೇಲೆ ಬಿದ್ದ ಗಾರೆಯನ್ನು ಅಂದೇ ಹಿಂಡಿದ ಸ್ಪಂಜಿನಿಂದ ಒರೆಸಿ ತೆಗೆಯಬೇಕು. ಮಾರನೆಯ ವಾರ ಆಸಿಡ್ ಹಾಕಿ ತೊಳೆಯೋಣ ಎಂಬ ಮಾತಿಗೆ ಒಪ್ಪಬೇಡಿ: ಆಸಿಡ್ಡು ಕಲೆಯನ್ನು ತಿನ್ನುವಂತೆ ಹೊಸ ಸಂದನ್ನೂ ತಿನ್ನುತ್ತದೆ. ಕಡಪ ಅಥವಾ ಶಹಾಬಾದ್ ಕಲ್ಲು ಹಾಸಿದವರಂತೂ ಆಸಿಡ್ ಬಾಟಲಿಯನ್ನು ಹಿತ್ತಿಲಿಗೇ ತರಬಾರದು, ಅವು ಸುಣ್ಣಕಲ್ಲುಗಳು.

ಸುತ್ತಲೂ ಮನೆಯ ಗೋಡೆ ಮತ್ತು ಕಾಂಪೌಂಡಿಗೆ ತಾಗುವ ಸಂದು, ಜೊತೆಗೆ 20 ಅಡಿಯ ನಡುವೆ ಬರುವ ಒಂದು ಅಡ್ಡ ಸಂದು, ಇವುಗಳಿಗೆ ಗಾರೆ ತುಂಬಬೇಡಿ. ಬೆಳಗಿನ ತಂಪಿಗೂ ನಡುಹಗಲ ಬಿಸಿಲಿಗೂ ಕಲ್ಲಿನ ಮೈಯಲ್ಲಿ 30 ಡಿಗ್ರಿ ವ್ಯತ್ಯಾಸವಾದರೆ 6 ಮೀಟರ್ ಉದ್ದದ ಗ್ರಾನೈಟು ಹಾಸು ಸುಮಾರು ಒಂದೂವರೆ ಮಿಲಿಮೀಟರ್ ಹಿಗ್ಗುತ್ತದೆ. ಅದಕ್ಕೆ ಜಾಗವಿರದಿದ್ದರೆ ಎಲ್ಲೋ ಒಂದು ಸಂದು ಪುಡಿಯಾಗುತ್ತದೆ. ಈ ಸಂದುಗಳಲ್ಲಿ ಫೋಮ್ ಬಳ್ಳಿಯನ್ನು ಒಳಗಿಟ್ಟು ಮೇಲೆ ರಬ್ಬರಿನಂತೆ ಹಿಗ್ಗಿ ಕುಗ್ಗುವ ಪಾಲಿಯುರಿಥೇನ್ ಸೀಲಂಟ್ ತುಂಬಿಸಿ. ಹಾಸಿನ ಪಕ್ಕದಲ್ಲಿ ಸಂಪಿಗೆಯೋ ಮಾವೋ ಇದ್ದರೆ ಬುಡದ ಸುತ್ತ ಎರಡು ಮೂರು ಅಡಿ ಮಣ್ಣನ್ನು ತೆರೆದೇ ಬಿಡಿ. ಬೇರಿನೊಡನೆ ಜಗಳವಾಡಿ ಗೆದ್ದ ಗಾರೆಯನ್ನು ನಾನು ಕಂಡಿಲ್ಲ.

ಕ್ಯೂರಿಂಗ್, ಅಂದರೆ ಗಾರೆಯನ್ನು ತೇವದಲ್ಲಿಟ್ಟು ಗಟ್ಟಿಯಾಗಲು ಬಿಡುವುದರ ಬಗ್ಗೆ ಎಲ್ಲರಿಗೂ ಗೊತ್ತಿದೆ, ಮಾಡುವವರು ಕಡಿಮೆ. ಬೆರಳಗಲದ ಗಾರೆ ಬೇಗ ಒಣಗುತ್ತದೆ. ಮುಗಿಸಿದ ದಿನ ಸಂಜೆಯಿಂದಲೇ ಒದ್ದೆ ಗೋಣಿತಾಟು ಹೊದಿಸಿ, ಪಿಪಿಸಿ ಸಿಮೆಂಟಾದರೆ ಹತ್ತು ದಿನ ಅದು ಒಣಗದಂತೆ ನೋಡಿಕೊಳ್ಳಿ. ಪೈಪು ಹಿಡಿದು ರಭಸವಾಗಿ ನೀರು ಬಿಡುವುದು ಬೇಡ, ಗೋಣಿಯ ಮೇಲೆ ಚಿಮುಕಿಸಿದರೆ ಸಾಕು.

ಕಾಲದ ಆಯ್ಕೆಯೂ ಮುಖ್ಯ. ಮೈಸೂರಿಗೆ ಏಪ್ರಿಲ್, ಮೇ ತಿಂಗಳಲ್ಲಿ ಸಂಜೆಯ ಗುಡುಗು ಮಳೆ, ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಮತ್ತೆ ದೊಡ್ಡ ಮಳೆ. ಡಿಸೆಂಬರಿನಿಂದ ಫೆಬ್ರುವರಿಯವರೆಗೆ ಮಳೆಯ ಭಯ ಕಡಿಮೆ, ಬಿಸಿಲೂ ಹದವಾಗಿರುತ್ತದೆ. ಆಗಲೂ ತುಂಬುವ ಕೆಲಸವನ್ನು ಬೆಳಗ್ಗೆ ಹನ್ನೊಂದರೊಳಗೆ ಮುಗಿಸಿ, ಮೇಲೆ ಟಾರ್ಪಾಲು ಕಟ್ಟಿ ನೆರಳು ಮಾಡಿದರೆ ಉತ್ತಮ.

ಎಪಾಕ್ಸಿ ಕೆಟ್ಟ ವಸ್ತುವಲ್ಲ. ಆಸ್ಪತ್ರೆ, ಅಡುಗೆಮನೆಗಳ ನೆಲದ ಕಿರಿದಾದ ಸಂದುಗಳಿಗೆ ಅದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ಹೊರಗಿನ ಅಂಗಳದಲ್ಲಿ ಮಾತ್ರ ಅದರ ಗುಣಗಳೇ ತೊಂದರೆಯಾಗುತ್ತವೆ. ಸಂದು ಎಲುಬಿನಷ್ಟು ಒಣಗಿರದಿದ್ದರೆ ಅದು ಅಂಟುವುದಿಲ್ಲ, ಬಿಸಿಲಿಗೆ ಹಳದಿಗಟ್ಟುತ್ತದೆ, ಕೆಳಗೆ ಸೇರಿದ ತೇವವನ್ನು ಮೇಲೇಳಲು ಬಿಡುವುದಿಲ್ಲ. ಅಲುಗುವ ಕಲ್ಲಿನ ಪಕ್ಕದಲ್ಲಿ ಅದೂ ಬಿಟ್ಟುಕೊಳ್ಳುತ್ತದೆ, ಆಗ ಕೆತ್ತಿ ತೆಗೆಯುವ ಕೂಲಿ ಇಂದಿನದಕ್ಕಿಂತ ಹೆಚ್ಚಾಗುತ್ತದೆ. ಟೈಲ್ಸ್ ಸಂದಿಗೆ ಮಾರುವ ಸಾಮಾನ್ಯ ಗ್ರೌಟಿನ ಪುಡಿ ಮೂರು ನಾಲ್ಕು ಮಿಲಿಮೀಟರ್ ಸಂದಿಗೆ ಮಾಡಿದ್ದು, ನಿಮ್ಮಲ್ಲಿಯ ಬೆರಳಗಲದ ಸಂದಿಗೆ ಸಲ್ಲದು.

ಸೀಲರ್ ಬಗ್ಗೆ ಕೇಳಿದ್ದೀರಿ. ಸಾದಹಳ್ಳಿ ಕಲ್ಲಿಗೆ ಅದರ ಅಗತ್ಯವಿಲ್ಲ. ಎಣ್ಣೆ ಕಲೆಯ ಭಯದಿಂದ ಹಚ್ಚಿಸಲೇಬೇಕೆಂದರೆ ಮೇಲೆ ಹೊಳೆಯುವ ಪೊರೆ ಕಟ್ಟುವಂಥದ್ದನ್ನು ಬಿಟ್ಟು, ಒಳಗೆ ಹೀರಿಕೊಳ್ಳುವ ಬಗೆಯದನ್ನು ಆರಿಸಿ, ಗಾರೆ ತುಂಬಿದ ಒಂದು ತಿಂಗಳ ಮೇಲೆ, ಹಾಸು ಪೂರ್ತಿ ಒಣಗಿದ ಮೇಲೆ ಹಚ್ಚಿಸಬಹುದು. ಆ ಒಂದು ತಿಂಗಳಲ್ಲಿ ಸಂದಿನ ಮೇಲೆ ಬೆಳ್ಳಗೆ ಉಪ್ಪು ಹೂತಂತೆ ಕಂಡರೆ, ಅದರಲ್ಲೂ ಬೋರ್‌ವೆಲ್ ನೀರು ಬಳಸಿದ್ದರೆ, ಗಾಬರಿಯಾಗದೆ ಒಣ ಬ್ರಷ್ಷಿನಿಂದ ಉಜ್ಜಿ ಗುಡಿಸಿಬಿಡಿ. ಅದು ನಿಂತ ಮೇಲೆಯೇ ಸೀಲರಿನ ಡಬ್ಬಿ ತೆರೆಯಿರಿ.